ನಾಚಿಕೆಯಿಂದ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಸೋರುವುದು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 47 ವರ್ಷ. ಎರಡು ಹೆರಿಗೆಯಾಗಿದೆ. ಎರಡನೆಯ ಮಗು ನಾಲ್ಕು ಕೆಜಿ ಹತ್ತಿರ ಇದ್ದುದರಿಂದ ಫೋರ್ಸೆಪ್ಸ್ ಹಾಕಿ ತೆಗೆದರು. ಆರು ವರ್ಷಗಳಿಂದ ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಒಂದು ವರ್ಷದಿಂದ ಇನ್ನೊಂದು ತೊಂದರೆ ಸೇರಿಕೊಂಡಿದೆ. ಕೆಲಸದಿಂದ ಬಂದು ಬಾಗಿಲಿಗೆ ಬೀಗದ ಕೈ ಹಾಕುವಷ್ಟರಲ್ಲಿ ತಡೆಯಲಾರದಷ್ಟು ಅವಸರವಾಗುತ್ತದೆ, ಕೆಲವೊಮ್ಮೆ ಒಳಗೆ ಹೋಗುವುದರೊಳಗೆ ಆಗಿಬಿಡುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಹೊರಡುವ ಮುಂಚೆ ಬಂದರೂ ಬಾರದಿದ್ದರೂ ಎರಡು ಮೂರು ಸಲ ಹೋಗಿಬರುತ್ತೇನೆ. ದಿನವೂ ಪ್ಯಾಡ್, ಗಾಢ ಬಣ್ಣದ ಬಟ್ಟೆ. ವಾಕಿಂಗ್ ನಿಲ್ಲಿಸಿದೆ. ವಾಸನೆ ಬರಬಹುದೆಂದು ಬೇರೆ ಕೋಣೆಯಲ್ಲಿ ಮಲಗುತ್ತೇನೆ. ಗಂಡ ನನಗೇನೋ ಕೋಪ ಎಂದುಕೊಂಡಿದ್ದಾರೆ. ಒಮ್ಮೆ ಅತ್ತಿಗೆಗೆ ಹೇಳಿದ್ದಕ್ಕೆ, ‘ವಯಸ್ಸಾದ ಮೇಲೆ ಎಲ್ಲರಿಗೂ ಆಗುತ್ತೆ, ಇದನ್ನೆಲ್ಲಾ ಹೇಳಿಕೊಳ್ತಾರಾ’ ಅಂದರು. ಆಪರೇಷನ್‌ನಲ್ಲಿ ಹಾಕುವ ಬಲೆಯಿಂದ ಅಪಾಯ ಎಂದು ಓದಿದ್ದೇನೆ. ನಾನೇ ಏನಾದರೂ ತಪ್ಪು ಮಾಡಿಕೊಂಡೆನಾ? ಡಾಕ್ಟರ ಮುಂದೆ ಇದನ್ನು ಹೇಗೆ ಹೇಳಲಿ? ಹೆಸರು ಹಾಕಬೇಡಿ ಮೇಡಂ.

ಉತ್ತರ: ಸೋರುವುದು ಒಂದು ತೊಂದರೆ, ಅದನ್ನು ಮುಚ್ಚಿಡುವುದು ಇನ್ನೊಂದು. ಇವೆರಡೂ ಬೇರೆ ಬೇರೆ ಎಂದು ನಿಮಗೆ ಅನ್ನಿಸಿರಬಹುದು. ಮೂತ್ರಕೋಶಕ್ಕೆ ಹಾಗಿಲ್ಲ. ಯಾರಿಗೂ ಗೊತ್ತಾಗಬಾರದೆಂದು ನೀವು ಹೂಡಿದ ಉಪಾಯಗಳಲ್ಲಿ ಮೂರಂತೂ ಈ ಸೋರಿಕೆಯನ್ನು ಬೆಳೆಸುತ್ತಿವೆ. ಕಳೆದ ಒಂದು ವರ್ಷದಿಂದ ಶುರುವಾದ ಅವಸರಕ್ಕೆ ಅವುಗಳ ಕೊಡುಗೆ ಇರುವ ಸಾಧ್ಯತೆ ದೊಡ್ಡದು.

ಅತ್ತಿಗೆಯ ಮಾತಿನಲ್ಲಿ ಅರ್ಧ ನಿಜವಿದೆ. ವಯಸ್ಕ ಹೆಂಗಸರಲ್ಲಿ ನಾಲ್ವರಲ್ಲಿ ಒಬ್ಬರಿಗಾದರೂ ಒಂದಲ್ಲ ಒಂದು ಪ್ರಮಾಣದಲ್ಲಿ ಮೂತ್ರ ಸೋರುತ್ತದೆ. ಆದರೆ ಬಹಳ ಜನಕ್ಕೆ ಆಗುತ್ತದೆ ಎಂದಾಕ್ಷಣ ಅದು ಸಹಜವಾಗಿಬಿಡುವುದಿಲ್ಲ. ಹುಳುಕು ಹಲ್ಲೂ ಬಹಳ ಜನಕ್ಕಿದೆ, ಅದಕ್ಕೆ ಯಾರೂ ಸುಮ್ಮನಿರುವುದಿಲ್ಲ. ಇನ್ನು ನಿಮ್ಮ ತಪ್ಪಿನ ವಿಷಯ. ಭಾರ ಎತ್ತಿದ್ದರಿಂದಲೋ, ಬಾಣಂತನದಲ್ಲಿ ಬೇಗ ಎದ್ದು ಓಡಾಡಿದ್ದರಿಂದಲೋ ಹೀಗಾಯಿತು ಎಂದು ಹೆಂಗಸರು ತಮ್ಮನ್ನೇ ಬೈದುಕೊಳ್ಳುವುದನ್ನು ನಾವು ದಿನವೂ ಕೇಳುತ್ತೇವೆ. ನಿಮ್ಮ ಪತ್ರದಲ್ಲಿ ಕಾರಣಗಳು ಸ್ಪಷ್ಟವಾಗಿಯೇ ಇವೆ: ದೊಡ್ಡ ಮಗು, ಫೋರ್ಸೆಪ್ಸ್ ಹೆರಿಗೆ, ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು. ಇವುಗಳಲ್ಲಿ ಯಾವುದನ್ನೂ ನೀವು ಮಾಡಿಕೊಂಡದ್ದಲ್ಲ.

ನಿಮಗಿರುವುದು ಎರಡು ಬಗೆಯ ಸೋರಿಕೆ, ಅವನ್ನು ಬೇರೆ ಮಾಡಿ ನೋಡಬೇಕು. ಸೊಂಟದ ಮೂಳೆಗಳ ನಡುವೆ, ಮುಂದಿನಿಂದ ಹಿಂದಿನವರೆಗೆ ಸ್ನಾಯುಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಗುದನಾಳಕ್ಕೆ ಅದೇ ಕೆಳಗಿನ ಆಧಾರ. ಪೆಲ್ವಿಕ್ ಫ್ಲೋರ್ ಎನ್ನುವುದು ಇದನ್ನೇ. ಹೆರಿಗೆಯಲ್ಲಿ ಈ ಹಾಸು ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ, ಅದರ ನರಗಳಿಗೂ ಪೆಟ್ಟಾಗುತ್ತದೆ. ಆಮೇಲೆ ಸೀನಿದಾಗ ಹೊಟ್ಟೆಯೊಳಗಿನ ಒತ್ತಡ ಮೂತ್ರಕೋಶದ ಮೇಲೆ ಬಿದ್ದರೆ, ಮೂತ್ರನಾಳವನ್ನು ಮುಚ್ಚಿ ಹಿಡಿಯುವ ಬಲ ಸಾಲುವುದಿಲ್ಲ, ಒಂದಿಷ್ಟು ಹೊರಗೆ ಚಿಮ್ಮುತ್ತದೆ. ಇದು ಒತ್ತಡದ ಸೋರಿಕೆ. ಬೀಗದ ಕೈ ಹಾಕುವಾಗ ಆಗುವುದು ಅವಸರದ ಸೋರಿಕೆ. ಇಲ್ಲಿ ಮೂತ್ರಕೋಶದ ಗೋಡೆಯೇ ಸಮಯವಲ್ಲದ ಸಮಯದಲ್ಲಿ ಹಿಂಡಿಕೊಳ್ಳುತ್ತದೆ. ಮನೆ ಬಾಗಿಲು, ನಲ್ಲಿಯಿಂದ ನೀರು ಬೀಳುವ ಸದ್ದು, ತಣ್ಣಗಿನ ನೆಲ ಇವೆಲ್ಲ ಅದಕ್ಕೆ ಸೂಚನೆಗಳಾಗಿಬಿಡುತ್ತವೆ. ಎರಡೂ ಇದ್ದರೆ ಮಿಶ್ರ ಸೋರಿಕೆ. ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಹಾಗಾಗಿ ಪಕ್ಕದವರು ನುಂಗಿದ ಮಾತ್ರೆಯನ್ನು ಕೇಳಿ ನುಂಗುವುದರಿಂದ ಪ್ರಯೋಜನವಿಲ್ಲ.

ಈಗ ಆ ಮೂರು ಉಪಾಯಗಳು. ಮೊದಲನೆಯದು ನೀರು ಬಿಡುವುದು. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಗಾಢ ಮೂತ್ರ ಕೋಶದ ಒಳಪದರವನ್ನು ಕೆರಳಿಸಬಹುದು. ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಮಲ ಗಟ್ಟಿಯಾಗಿ ಮುಕ್ಕುವ ಅಭ್ಯಾಸ ಬರುತ್ತದೆ, ಪ್ರತಿ ಮುಕ್ಕಿನಲ್ಲೂ ಆ ಸ್ನಾಯುಗಳ ಹಾಸು ಕೆಳಗೆ ಜಗ್ಗುತ್ತದೆ. ನೀವು ಭಯಪಡುವ ವಾಸನೆಯೂ ಗಾಢ ಮೂತ್ರದಲ್ಲೇ ಹೆಚ್ಚು.

ಎರಡನೆಯದು ‘ಇರಲಿ, ಒಂದು ಸಲ ಹೋಗಿಬರೋಣ’ ಎನ್ನುವುದು. ಆರೋಗ್ಯವಂತ ಮೂತ್ರಕೋಶ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. 150–200ರ ಹೊತ್ತಿಗೆ ಮೊದಲ ಸುಳಿವು ಕೊಡುತ್ತದೆ. ನೀವು ದಿನಕ್ಕೆ ಹತ್ತು ಹದಿನೈದು ಸಲ, ಪ್ರತಿ ಸಲ 80–100 ಮಿಲಿಲೀಟರಿಗೇ ಖಾಲಿ ಮಾಡುತ್ತಿದ್ದರೆ, ತಿಂಗಳುಗಳು ಕಳೆದಂತೆ ಮೂತ್ರಕೋಶ ಮತ್ತು ಮಿದುಳು ಅದನ್ನೇ ‘ತುಂಬಿತು’ ಎಂದು ಕಲಿತುಬಿಡುತ್ತವೆ. ಆಮೇಲೆ 100 ಮಿಲಿಲೀಟರಿಗೂ ಅವಸರ. ಕಲಿಸಿದ್ದು ನಾವೇ ಆದ್ದರಿಂದ ಮರೆಸಲೂ ಬಹುದು; ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ವಾಕಿಂಗ್ ಬಿಟ್ಟದ್ದು. ತೂಕ ಏರಿದರೆ ಹೊಟ್ಟೆಯ ಭಾರವೆಲ್ಲ ಅದೇ ಹಾಸಿನ ಮೇಲೆ. 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ, ತೂಕ ಹೆಚ್ಚಿದ್ದ ಹೆಂಗಸರು ಆರು ತಿಂಗಳಲ್ಲಿ ಸರಾಸರಿ 8 ಶೇಕಡ ತೂಕ ಇಳಿಸಿದಾಗ ವಾರದ ಸೋರಿಕೆ 47 ಶೇಕಡ ಇಳಿಯಿತು. ಬರೀ ಮಾಹಿತಿ ಪಡೆದ ಗುಂಪಿನಲ್ಲಿ ಇಳಿದದ್ದು 28. ಅಂದರೆ 75 ಕೆಜಿ ಇದ್ದವರು ಆರು ಕೆಜಿ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ.

ಇಷ್ಟೆಲ್ಲ ಆಗುವುದು ಒಬ್ಬರ ಮನೆಯಲ್ಲಲ್ಲ, ಎಲ್ಲೆಡೆ ಹೀಗೇ. ದೇಹದ ಕೆಲವು ಕಾಯಿಲೆಗಳನ್ನು ನಾವು ಕಾಯಿಲೆ ಎಂದು ನೋಡುತ್ತೇವೆ, ಕೆಲವನ್ನು ವ್ಯಕ್ತಿಯ ಕೊಳಕು ಎಂದು. ಮಂಡಿ ನೋವಿದ್ದವರು ಹತ್ತು ಜನರ ಮುಂದೆ ಹೇಳಿಕೊಳ್ಳುತ್ತಾರೆ. ಮೂತ್ರ ತಡೆದುಕೊಳ್ಳುವುದನ್ನು ಮಾತ್ರ ಎರಡು ಮೂರು ವರ್ಷದ ಮಗುವಿಗೇ ಬಂದಿರಬೇಕಾದ ವಿದ್ಯೆ ಎಂದು ಕಲಿಸಿದ್ದೇವೆ. ಹಾಗಾಗಿ 47ರಲ್ಲಿ ಅದು ತಪ್ಪಿದರೆ ‘ನನಗೆ ಕಾಯಿಲೆ ಬಂತು’ ಎನ್ನುವುದಕ್ಕಿಂತ ‘ನಾನೇ ಕೆಟ್ಟೆ’ ಎಂಬ ಭಾವನೆ ಬರುತ್ತದೆ. ತಪ್ಪು ಮಾಡಿದೆ ಎನ್ನಿಸಿದವರು ಸರಿಪಡಿಸಲು ಓಡುತ್ತಾರೆ. ನಾನೇ ಸರಿಯಿಲ್ಲ ಎನ್ನಿಸಿದವರು ಅಡಗಿಕೊಳ್ಳುತ್ತಾರೆ. ಸಾರ್ವಜನಿಕ ಆರೋಗ್ಯದಲ್ಲಿ ಇದರ ಬೆಲೆ ದೊಡ್ಡದು. ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ, 1995ರಿಂದ ಅದು ಉಚಿತ. ಆದರೂ ಮಚ್ಚೆಯನ್ನು ಬಟ್ಟೆಯಡಿ ಮುಚ್ಚಿಟ್ಟು, ಬೆರಳು ಸೊಟ್ಟಗಾದ ಮೇಲೆ ಬರುವವರು ಇಂದಿಗೂ ಇದ್ದಾರೆ. ಹೆರಿಗೆ ದಿನಗಟ್ಟಲೆ ತಡವಾಗಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬಿದ್ದು, ದಿನವಿಡೀ ಮೂತ್ರ ಸೋರುವ ಫಿಸ್ಟುಲಾ ಆದ ಹೆಂಗಸರ ಕಥೆ ಇನ್ನೂ ಕಠಿಣ. ಕ್ಯಾಥರೀನ್ ಮತ್ತು ರೆಜಿನಾಲ್ಡ್ ಹ್ಯಾಮ್ಲಿನ್ ಎಂಬ ವೈದ್ಯ ದಂಪತಿ 1974ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಇದಕ್ಕಾಗಿಯೇ ಆಸ್ಪತ್ರೆ ತೆರೆದರು. ಅಲ್ಲಿಗೆ ಬಂದವರಲ್ಲಿ ಗಂಡ ಬಿಟ್ಟವರು, ಊರ ಅಂಚಿನ ಗುಡಿಸಲಿನಲ್ಲಿ ವರ್ಷಗಟ್ಟಲೆ ಒಂಟಿಯಾಗಿದ್ದವರು ಇದ್ದರು. ಅವರಲ್ಲಿ ಬಹುಪಾಲು ಜನರಿಗೆ ಬೇಕಿದ್ದದ್ದು ಒಂದು ಆಪರೇಷನ್.

ವಯಸ್ಸಾದವರಲ್ಲಿ ಈ ಗುಟ್ಟು ಮೂಳೆಯನ್ನೂ ಮುರಿಯುತ್ತದೆ. ಇನ್ನೊಬ್ಬರನ್ನು ಎಬ್ಬಿಸಲು ಸಂಕೋಚಪಟ್ಟು, ದೀಪ ಹಾಕದೆ, ಅವಸರದಲ್ಲಿ ರಾತ್ರಿ ಎದ್ದು ಓಡುವಾಗ ಬೀಳುತ್ತಾರೆ. ಸೊಂಟ ಮುರಿದ ಕಾರಣ ‘ಕಾಲು ಜಾರಿತು’ ಎಂದು ದಾಖಲಾಗುತ್ತದೆ.

ವೈದ್ಯರ ಪಾಲೂ ಇದರಲ್ಲಿದೆ, ಅದನ್ನು ಬಿಟ್ಟು ಹೇಳಿದರೆ ಅನ್ಯಾಯವಾಗುತ್ತದೆ. ನಾವು ಬಿಪಿ ಕೇಳುತ್ತೇವೆ, ಸಕ್ಕರೆ ಕೇಳುತ್ತೇವೆ, ಇದನ್ನು ಕೇಳುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಬಂದವರು ಎಲ್ಲ ಮುಗಿದು ಎದ್ದು ಬಾಗಿಲ ಹತ್ತಿರ ಹೋದ ಮೇಲೆ ‘ಇನ್ನೊಂದು ವಿಷಯ ಇತ್ತು’ ಎಂದು ತಿರುಗುವುದು ನಮ್ಮ ಕ್ಲಿನಿಕ್‌ಗಳಲ್ಲಿ ಮಾಮೂಲು. ಅದೇ, ಕ್ಲಿನಿಕ್‌ನಲ್ಲಿ ಮೊದಲು ತುಂಬುವ ಅರ್ಜಿಯಲ್ಲೇ ‘ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುತ್ತದೆಯೇ’ ಎಂಬ ಒಂದು ಸಾಲು ಇದ್ದರೆ ಹೌದು ಎಂದು ಗುರುತು ಹಾಕುವವರ ಸಂಖ್ಯೆ ಏರುತ್ತದೆ. ಫ್ರಾನ್ಸ್‌ನಲ್ಲಿ ಹೆರಿಗೆಯಾದ ಹೆಂಗಸರಿಗೆ ಈ ಸ್ನಾಯುಗಳ ತರಬೇತಿಯನ್ನು ವೈದ್ಯರೇ ಚೀಟಿಯಲ್ಲಿ ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಹತ್ತು ಸೆಷನ್, ಖರ್ಚು ಸಾರ್ವಜನಿಕ ವಿಮೆಯದು. ಅಲ್ಲಿನ ಹೆಂಗಸರಿಗೆ ನಾಚಿಕೆ ಇಲ್ಲವೆಂದಲ್ಲ. ಬಾಯಿ ಬಿಟ್ಟು ಕೇಳಬೇಕಾದ ಪ್ರಸಂಗವನ್ನು ವ್ಯವಸ್ಥೆಯೇ ತಪ್ಪಿಸಿದೆ, ಅಷ್ಟೆ. ಇತ್ತ ಪ್ಯಾಡ್ ಜಾಹೀರಾತುಗಳನ್ನು ನೋಡಿ: ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಅವುಗಳ ಭರವಸೆ. ಪ್ಯಾಡ್ ಬೇಡವೆಂದು ನಾನು ಹೇಳುವುದಿಲ್ಲ, ಚಿಕಿತ್ಸೆ ನಡೆಯುವಾಗ ಅದು ಬೇಕು. (ಮುಟ್ಟಿನ ಪ್ಯಾಡ್ ಅಲ್ಲ, ಮೂತ್ರಕ್ಕೆಂದೇ ಮಾಡಿದ್ದು ತೆಗೆದುಕೊಳ್ಳಿ, ಮುಟ್ಟಿನ ಪ್ಯಾಡ್ ಅಷ್ಟು ಬೇಗ ಹೀರುವುದಿಲ್ಲ, ಚರ್ಮ ಒದ್ದೆಯಾಗಿಯೇ ಉಳಿದು ತೊಡೆಸಂದು ಕೆಂಪಾಗುತ್ತದೆ.) ಆದರೆ ಆರು ವರ್ಷ ಪ್ಯಾಡ್ ಒಂದೇ ಚಿಕಿತ್ಸೆಯಾಗಿರಬಾರದಿತ್ತು.

ಮೊದಲು ಮಾಡಬೇಕಾದ್ದು ಮೂರು ದಿನದ ಲೆಕ್ಕ. ಒಂದು ಅಳತೆಯ ಪ್ಲಾಸ್ಟಿಕ್ ಜಗ್ ಬಚ್ಚಲಲ್ಲಿಡಿ. ಏನು, ಎಷ್ಟು ಕುಡಿದಿರಿ. ಎಷ್ಟು ಗಂಟೆಗೆ ಹೋದಿರಿ, ಎಷ್ಟು ಮಿಲಿಲೀಟರ್ ಬಂತು. ಸೋರಿದ್ದು ಯಾವಾಗ, ಏನು ಮಾಡುವಾಗ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಕೆಲಸದ ದಿನ, ರಜಾ ದಿನ ಎರಡೂ ಸೇರಿರಲಿ. ಹೊರಗೆ ಅಳೆಯಲಾಗದಿದ್ದರೆ ಸಮಯವಾದರೂ ಸಾಕು. ಇದರ ಜೊತೆ ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ, ಮೂತ್ರ ಹೋದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನ್, ಯೋನಿಯ ಪರೀಕ್ಷೆ ಇಷ್ಟು ಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಒಣಕೆಮ್ಮು ತರಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಹೇಳಿ. ಕೆಲವೊಮ್ಮೆ ಮಾತ್ರೆ ಬದಲಿಸಿದರೇ ಅರ್ಧ ಸಮಸ್ಯೆ ಹೋಗುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರದಲ್ಲಿ ರಕ್ತ, ಜ್ವರದೊಡನೆ ಉರಿಮೂತ್ರ, ಹೆರಿಗೆಯ ಅಥವಾ ಆಪರೇಷನ್‌ನ ನಂತರ ಹಗಲೂ ರಾತ್ರಿ ಬಿಡದೆ ಸೋರುವುದು, ಯೋನಿಯಿಂದ ಗಡ್ಡೆಯಂಥದ್ದು ಹೊರಬರುವುದು ಕಂಡರೆ ತಡಮಾಡದೆ ಪರೀಕ್ಷೆಯಾಗಬೇಕು. ಮೂತ್ರ ಕಟ್ಟಿಕೊಂಡರೆ, ಅಥವಾ ಬೆನ್ನುನೋವಿನ ಜೊತೆ ತೊಡೆಸಂದು, ಗುದದ ಸುತ್ತ ಜೋಮು ಹಿಡಿದು ಇದ್ದಕ್ಕಿದ್ದಂತೆ ಹಿಡಿತ ತಪ್ಪಿದರೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ. ನರಗಳು ಒತ್ತಿಹೋಗಿರಬಹುದು, ಗಂಟೆಗಳ ಲೆಕ್ಕ ಅದು.

ಇವ್ಯಾವುದೂ ಇಲ್ಲದಿದ್ದರೆ ಚಿಕಿತ್ಸೆ ಸ್ನಾಯುಗಳಿಂದ ಶುರು. ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಈ ಸ್ನಾಯುಗಳ ವ್ಯಾಯಾಮದ ಬಗ್ಗೆ ಬರೆದರು, ಅದಕ್ಕೇ ಕೀಗಲ್ ವ್ಯಾಯಾಮ ಎಂಬ ಹೆಸರು. ‘ಅದನ್ನೆಲ್ಲ ಮಾಡಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ತಪ್ಪು ಸ್ನಾಯುವನ್ನು ಬಿಗಿಹಿಡಿದಿರುತ್ತಾರೆ, ಅಥವಾ ಎರಡು ವಾರಕ್ಕೇ ಬಿಟ್ಟಿರುತ್ತಾರೆ.

ಮಂಡಿ ಮಡಚಿ ಅಂಗಾತ ಮಲಗಿ. ಹತ್ತು ಜನರ ನಡುವೆ ಹೂಸು ಬರುತ್ತಿದೆ, ತಡೆಯಬೇಕು ಎಂದುಕೊಂಡು ಗುದದ್ವಾರವನ್ನು ಬಿಗಿಮಾಡಿ. ಆ ಬಿಗಿತವನ್ನು ಬಿಡದೆ ಮುಂದಕ್ಕೆ, ಮೂತ್ರದ್ವಾರದವರೆಗೆ ತಂದು, ಒಟ್ಟಾಗಿ ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ಯೋನಿಯಲ್ಲಿ ಒಂದು ಬೆರಳಿಟ್ಟರೆ ಅದನ್ನು ಸುತ್ತ ಹಿಡಿದು ಒಳಗೆ ಸೆಳೆದ ಹಾಗೆ ಆಗಬೇಕು. ಕನ್ನಡಿ ಹಿಡಿದು ನೋಡಿದರೆ ಯೋನಿಗೂ ಗುದಕ್ಕೂ ನಡುವಿನ ಭಾಗ ಒಳಕ್ಕೆ ಹೋಗಬೇಕು. ಅದು ಹೊರಗೆ ಉಬ್ಬಿದರೆ ನೀವು ಮುಕ್ಕುತ್ತಿದ್ದೀರಿ, ನಿಲ್ಲಿಸಿ, ಹಾಗೆ ಮಾಡಿದರೆ ಸೋರಿಕೆ ಹೆಚ್ಚುತ್ತದೆ. ಪಿರ್ರೆ ಬಿಗಿಯಾಗಬಾರದು, ತೊಡೆಗಳು ಒತ್ತಿಕೊಳ್ಳಬಾರದು, ಉಸಿರು ಕಟ್ಟಬಾರದು. ಬಿಗಿಹಿಡಿದಾಗಲೇ ಗಟ್ಟಿಯಾಗಿ ಒಂದರಿಂದ ಎಣಿಸಿ. ಎಣಿಸಲಾದರೆ ಉಸಿರು ಆಡುತ್ತಿದೆ ಎಂದರ್ಥ.

ಮೊದಲ ವಾರ ಮೂರು ಸೆಕೆಂಡು ಹಿಡಿಯಲು ಆದರೂ ಸಾಕು. ಎಷ್ಟು ಹೊತ್ತು ಹಿಡಿದಿರೋ ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡಿ, ಸಡಿಲಬಿಡುವುದೂ ವ್ಯಾಯಾಮದ ಭಾಗವೇ. ಹೀಗೆ ಎಂಟು ಸಲ, ಆಮೇಲೆ ಪಟಪಟನೆ ಎಂಟು ಸಲ ಹಿಡಿದು ಬಿಡುವುದು. ದಿನಕ್ಕೆ ಮೂರು ಬಾರಿ. ವಾರ ಕಳೆದಂತೆ ಎಂಟು ಹತ್ತು ಸೆಕೆಂಡಿಗೆ ಏರಿಸಿ, ಮಲಗಿ ಮಾಡುವುದರಿಂದ ಕೂತು, ನಿಂತು ಮಾಡುವುದಕ್ಕೆ ಬನ್ನಿ. ಕನಿಷ್ಠ ಮೂರು ತಿಂಗಳು ನಡೆಸಬೇಕು. ಸ್ನಾಯು ದಪ್ಪವಾಗಲು ಅಷ್ಟು ಕಾಲ ಬೇಕೇ ಬೇಕು. ಮೂತ್ರ ಹೋಗುವಾಗ ಮಧ್ಯದಲ್ಲಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕಾಗಬಹುದು. ಇನ್ನೊಂದು ಯುಕ್ತಿ: ಸೀನು, ಕೆಮ್ಮು ಬರುವ ಕ್ಷಣಕ್ಕೆ ಮುಂಚೆ, ಭಾರ ಎತ್ತುವ ಮುಂಚೆ ಒಮ್ಮೆ ಬಿಗಿಹಿಡಿಯಿರಿ. ಇದಕ್ಕೆ ಮೂರು ತಿಂಗಳು ಕಾಯಬೇಕಿಲ್ಲ, ವಾರದೊಳಗೇ ಫಲ ಕಾಣುವವರಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒತ್ತಡದ ಸೋರಿಕೆ ಇದ್ದು ಈ ತರಬೇತಿ ಪಡೆದವರಲ್ಲಿ 56 ಶೇಕಡ ಹೆಂಗಸರು ವಾಸಿಯಾಯಿತೆಂದರು, ಪಡೆಯದವರಲ್ಲಿ 6 ಶೇಕಡ. ಪೆಲ್ವಿಕ್ ಫ್ಲೋರ್ ತರಬೇತಿ ಗೊತ್ತಿರುವ ಫಿಸಿಯೋಥೆರಪಿಸ್ಟ್ ಒಮ್ಮೆಯಾದರೂ ಪರೀಕ್ಷಿಸಿ ‘ಹೌದು, ಇದೇ ಸ್ನಾಯು’ ಎಂದು ಹೇಳಿದರೆ ದಾರಿ ತಪ್ಪುವುದಿಲ್ಲ.

ಅವಸರದ ಸೋರಿಕೆಗೆ ಮೂತ್ರಕೋಶಕ್ಕೆ ಮರುಪಾಠ. ನಿಮ್ಮ ಲೆಕ್ಕದ ಹಾಳೆಯಲ್ಲಿ ಎರಡು ಸಲದ ನಡುವೆ ಒಂದು ಗಂಟೆ ಇದ್ದರೆ ಅಲ್ಲಿಂದಲೇ ಶುರುಮಾಡಿ. ಗಂಟೆಗೊಮ್ಮೆ ಹೋಗಿ, ಮುಂದಿನ ವಾರ ಹದಿನೈದು ನಿಮಿಷ ಸೇರಿಸಿ, ಹೀಗೆ ಕನಿಷ್ಠ ಆರು ವಾರ ಏರಿಸುತ್ತಾ ಎರಡೂವರೆ ಮೂರು ಗಂಟೆ ಮುಟ್ಟುವುದು ಗುರಿ. ನಡುವೆ ಅವಸರ ಬಂದರೆ ಓಡಬೇಡಿ. ಓಡಿದರೆ ಹೊಟ್ಟೆಯ ಒತ್ತಡವೂ ಸೇರುತ್ತದೆ. ಇದ್ದಲ್ಲೇ ನಿಂತು ಅಥವಾ ಕೂತು, ಐದಾರು ಸಲ ಪಟಪಟನೆ ಬಿಗಿಹಿಡಿದು ಬಿಡಿ, ನೂರರಿಂದ ಹಿಂದಕ್ಕೆ ಏಳೇಳು ಕಳೆಯುತ್ತಾ ಬನ್ನಿ. ಅವಸರ ಅಲೆಯ ಹಾಗೆ ಏರಿ ಇಳಿಯುತ್ತದೆ, ಇಳಿದ ಮೇಲೆ ನಡೆದುಕೊಂಡು ಹೋಗಿ. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಗುಟುಕು ಗುಟುಕಾಗಿ, ಹೆಚ್ಚಿನ ಪಾಲು ಸಂಜೆಯೊಳಗೆ. ಹೃದಯದ ಅಥವಾ ಕಿಡ್ನಿಯ ತೊಂದರೆಯಿದ್ದು ವೈದ್ಯರು ನೀರಿಗೆ ಮಿತಿ ಹೇಳಿದ್ದರೆ ಅದೇ ಮಿತಿ. ಕಾಫಿ, ಟೀ ಎರಡು ವಾರ ಇಳಿಸಿ ನೋಡಿ; ಕೆಲವರಿಗೆ ಬಹಳ ಫರಕಾಗುತ್ತದೆ, ಕೆಲವರಿಗೆ ಏನೂ ಇಲ್ಲ.

ಮುಟ್ಟು ನಿಂತ ಮೇಲೆ ಯೋನಿ ಒಣಗಿ ಉರಿಯಿದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಅವಸರಕ್ಕೂ ಸಹಾಯ ಮಾಡುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ವೈದ್ಯರನ್ನು ಕೇಳದೆ ಹಚ್ಚಬಾರದು. ಇದರ ಮೇಲೂ ಅವಸರ ಉಳಿದರೆ ಮಾತ್ರೆಗಳಿವೆ. ಸೋಲಿಫೆನಸಿನ್, ಆಕ್ಸಿಬ್ಯುಟಿನಿನ್ ಜಾತಿಯವು ಬಾಯಿ ಒಣಗಿಸುತ್ತವೆ, ಮಲ ಕಟ್ಟುತ್ತವೆ. ವಯಸ್ಸಾದವರಲ್ಲಿ ಮರೆವು, ಗೊಂದಲ ಹೆಚ್ಚಿಸಬಹುದೆಂದು ಎಚ್ಚರ ಬೇಕು. ಮಿರಾಬೆಗ್ರಾನ್‌ಗೆ ಆ ತೊಂದರೆ ಕಡಿಮೆ, ಆದರೆ ಬಿಪಿ ನೋಡುತ್ತಿರಬೇಕು. ಯಾವುದೇ ಆಗಲಿ, ನಾಲ್ಕು ವಾರವಾದರೂ ಕಳೆಯದೆ ಫಲ ಇಲ್ಲ ಎನ್ನಬೇಡಿ. ಮಾತ್ರೆಗೂ ಬಗ್ಗದಿದ್ದರೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಎಂಬ, ಸ್ನಾಯು ಸಡಿಲಿಸುವ ಔಷಧ ಚುಚ್ಚುವುದುಂಟು. ಅದರ ಪರಿಣಾಮ ತಿಂಗಳುಗಳಲ್ಲಿ ಕರಗುತ್ತದೆ, ಕೆಲವರಿಗೆ ಮೂತ್ರ ಕಟ್ಟಿ ಕೆಲಕಾಲ ತಾವೇ ಕೆಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ನಳಿಕೆ) ಹಾಕಿಕೊಳ್ಳಬೇಕಾಗುತ್ತದೆ. ಅದಕ್ಕೆ ಒಪ್ಪದವರು ಬೊಟಾಕ್ಸ್‌ಗೆ ಒಪ್ಪಬಾರದು.

ಬಲೆಯ ಬಗ್ಗೆ ನೀವು ಓದಿದ್ದು ಸುಳ್ಳಲ್ಲ, ಆದರೆ ಎರಡು ವಿಷಯಗಳು ಬೆರೆತಿವೆ. ಕೆಳಗಿಳಿದ ಗರ್ಭಕೋಶ, ಮೂತ್ರಕೋಶವನ್ನು ಎತ್ತಿಹಿಡಿಯಲು ಯೋನಿಯ ಮೂಲಕ ಹಾಕುವ ದೊಡ್ಡ ಬಲೆಯ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಕರು 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. ಒತ್ತಡದ ಸೋರಿಕೆಗೆ ಮೂತ್ರನಾಳದ ಕೆಳಗೆ ಹಾಕುವ ಕಿರಿದಾದ ಪಟ್ಟಿ ಬೇರೆ, ಆ ಆದೇಶ ಅದಕ್ಕೆ ಅನ್ವಯಿಸಲಿಲ್ಲ. ಆದರೆ ಇಂಗ್ಲೆಂಡ್ 2018ರ ಜುಲೈನಲ್ಲಿ ಈ ಪಟ್ಟಿಯ ಬಳಕೆಗೂ ತಡೆ ಹಾಕಿತು. ಪಟ್ಟಿಯಿಂದ ಬಹುಪಾಲು ಜನರಿಗೆ ಗುಣವಾಗುತ್ತದೆ. ಕೆಲವರಲ್ಲಿ ಅದು ಯೋನಿಯ ಗೋಡೆಯನ್ನು ಕೊರೆದು ಹೊರಗೆ ಕಾಣುತ್ತದೆ, ಕೆಲವರಿಗೆ ಸಂಭೋಗದಲ್ಲಿ ನೋವು, ಮೂತ್ರ ಹೋಗಲು ಕಷ್ಟ. ಪೂರ್ತಿ ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಬಲೆಯಿಲ್ಲದೆ ನಿಮ್ಮದೇ ದೇಹದ ಪಟ್ಟಿಯಿಂದ ಮಾಡುವ ಆಪರೇಷನ್ನೂ ಇದೆ, ಅದರಲ್ಲಿ ಚೇತರಿಕೆ ನಿಧಾನ. ಇವೆಲ್ಲ ಒತ್ತಡದ ಸೋರಿಕೆಗೆ ಮಾತ್ರ. ಅವಸರ ಇದರಿಂದ ಹೋಗುತ್ತದೆಂದು ನಂಬಬೇಡಿ, ಕೆಲವೊಮ್ಮೆ ಹೆಚ್ಚಲೂಬಹುದು. ಮೂರು ತಿಂಗಳ ತರಬೇತಿ ಮುಗಿಸದೆ ಯಾವ ಆಪರೇಷನ್‌ಗೂ ಸಹಿ ಹಾಕುವ ತುರ್ತು ನಿಮಗಿಲ್ಲ.

ವೈದ್ಯರಿಗೆ ಹೇಳುವುದಕ್ಕೆ ಮಾತು ಹುಡುಕಬೇಡಿ. ‘ಆರು ವರ್ಷದಿಂದ ಕೆಮ್ಮಿದರೆ ಮೂತ್ರ ಸೋರುತ್ತಿದೆ, ಒಂದು ವರ್ಷದಿಂದ ಅವಸರವೂ ಇದೆ, ಅದಕ್ಕೇ ಬಂದಿದ್ದೇನೆ’ ಎಂದು ಬರೆದು, ಲೆಕ್ಕದ ಹಾಳೆಯ ಜೊತೆ ಕೂರುವ ಮುಂಚೆಯೇ ಮೇಜಿನ ಮೇಲಿಡಿ. ಮಹಿಳಾ ವೈದ್ಯರೇ ಬೇಕು, ಪರೀಕ್ಷೆಯ ಹೊತ್ತಿಗೆ ನರ್ಸ್ ಜೊತೆಗಿರಬೇಕು ಎಂದು ಕೇಳುವುದು ನಿಮ್ಮ ಹಕ್ಕು. ‘ವಯಸ್ಸಾಯಿತಲ್ಲ’ ಎಂದು ಸಾಗಹಾಕಿದರೆ, ಫಿಸಿಯೋಥೆರಪಿಗೆ ಚೀಟಿ ಕೊಡಿ ಎಂದು ನೇರವಾಗಿ ಕೇಳಿ, ಇಲ್ಲವೇ ಬೇರೆಯವರ ಬಳಿ ಹೋಗಿ. ಗಂಡನಿಗೆ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ. ‘ಕೋಪವಲ್ಲ, ಹೆರಿಗೆಯಿಂದ ಸ್ನಾಯು ಸಡಿಲವಾಗಿದೆ, ಮೂರು ತಿಂಗಳ ಚಿಕಿತ್ಸೆ ಶುರುಮಾಡಿದ್ದೇನೆ’ ಎಂದರೆ ಸಾಕು. ಅವರು ಮನಸ್ಸಿನಲ್ಲಿ ಕಟ್ಟಿಕೊಂಡಿರುವ ಕಾರಣಕ್ಕಿಂತ ಇದು ಖಂಡಿತ ಹಗುರ. ಹನ್ನೆರಡು ವಾರವಾದ ಮೇಲೆ ಮತ್ತೆ ಮೂರು ದಿನ ಲೆಕ್ಕ ಬರೆದು, ಹಳೆಯ ಹಾಳೆಯ ಪಕ್ಕ ಇಟ್ಟು ನೋಡಿ. ಸೋರಿಕೆ ಅರ್ಧಕ್ಕೂ ಇಳಿದಿಲ್ಲವಾದರೆ ಎರಡೂ ಹಾಳೆ ತೆಗೆದುಕೊಂಡು ಮೂತ್ರಕೋಶದ ಒತ್ತಡ ಅಳೆಯುವ ಯುರೋಡೈನಮಿಕ್ ಪರೀಕ್ಷೆ ಬೇಕೇ ಎಂದು ತಜ್ಞರನ್ನು ಕೇಳಿ.